ಮೊದಲ ವಾರ ಆಸ್ಪತ್ರೆ, ಮುಂದಿನ ವರ್ಷ ಫೋನು: ಘಟ್ಟದ ಮೇಲೆ, ಕೆಳಗೆ ಕುಡಿತದ ಚಿಕಿತ್ಸೆ

ಶಿರಸಿ ಪೇಟೆಯಿಂದ ಒಳಗೆ, ತೋಟದ ನಡುವೆ ಇರುವ ಅಕ್ಕನ ಮನೆಯಲ್ಲಿ ಮೊಬೈಲ್ ನೆಟ್‌ವರ್ಕ್ ಬರುವುದಿಲ್ಲ. ಹಾಗಾಗಿ ಭಾವನ ಮೊದಲ ಆನ್‌ಲೈನ್ ಅಪಾಯಿಂಟ್‌ಮೆಂಟ್ ನಡೆದದ್ದು ಗುಡ್ಡದ ಮೇಲೆ, ನಿಲ್ಲಿಸಿದ ಕಾರಿನೊಳಗೆ. ಬೆಳಿಗ್ಗೆ ಒಂಬತ್ತೂವರೆ. ಫೋನನ್ನು ಸ್ಟೇರಿಂಗ್‌ಗೆ ಒರಗಿಸಿ ಇಟ್ಟಿದ್ದೆವು. ಆ ಕಡೆ ಬೆಂಗಳೂರಿನ ಒಬ್ಬರು ಮನೋವೈದ್ಯೆ. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಬೆಳಿಗ್ಗೆ ಎದ್ದ ಕೂಡಲೇ ಬೇಕಾ ಎಂದೆಲ್ಲ ಕೇಳಿದರು. ಆಮೇಲೆ "ಎರಡೂ ಕೈ ಮುಂದೆ ಚಾಚಿ, ಬೆರಳು ಅಗಲಿಸಿ, ಹಾಗೇ ಹಿಡ್ಕೊಳ್ಳಿ" ಎಂದರು. ಭಾವ ಚಾಚಿದರು. ಬೆರಳುಗಳು ನಡುಗುತ್ತಿದ್ದವು. ಕೊನೆಯ ಸಲ ಕುಡಿದದ್ದು ಹಿಂದಿನ ರಾತ್ರಿ ಒಂಬತ್ತಕ್ಕೆ.

"ಈ ಮೊದಲು ಬಿಡಲು ಹೋದಾಗ ಯಾವತ್ತಾದರೂ ಫಿಟ್ಸ್ ಬಂದಿತ್ತಾ?"

"ಇಲ್ಲ ಮೇಡಂ."

ಹಿಂದಿನ ಸೀಟಿನಿಂದ ಅಕ್ಕ ಮುಂದೆ ಬಗ್ಗಿ ಹೇಳಿದಳು: "ಬಂದಿತ್ತು ಮೇಡಂ. ಹೋದ ವರ್ಷ ಚೌತಿ ಕಳೆದು ಎರಡನೇ ದಿನ. ಹಲ್ಲು ಕಚ್ಚಿ ನಾಲಿಗೆ ಗಾಯ ಆಗಿತ್ತು."

ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಇದನ್ನು ನಾನು ಫೋನಿನಲ್ಲಿ ಮಾಡುವುದಿಲ್ಲ. ಇವತ್ತೇ ಅಡ್ಮಿಟ್ ಆಗಿ. ಆಸ್ಪತ್ರೆ ಸೇರುವವರೆಗೆ ಮನೆಯಲ್ಲಿ ಹಠ ಹಿಡಿದು ಒಮ್ಮೆಲೇ ನಿಲ್ಲಿಸಬೇಡಿ" ಎಂದರು.

ಗುಡ್ಡ ಇಳಿಯುವಾಗ ಭಾವನಿಗೆ ಸಿಟ್ಟು ಬಂದಿತ್ತು. ಕೊನೆಗೂ ಆಸ್ಪತ್ರೆಗೇ ಹೋಗುವುದಾದರೆ ಈ ಫೋನು ಯಾಕೆ ಎಂದು ಕೇಳಿದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ಕೂತ ಮನೆಗಳು ಬಹಳ ಇವೆ ಎಂದು ನನಗೆ ಗೊತ್ತು.

ಕುಡಿತದ ಚಿಕಿತ್ಸೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ನಾವು ಎರಡನ್ನೂ ಒಂದೇ ಅಂದುಕೊಂಡಿದ್ದೇವೆ. ಮೊದಲನೆಯದು ನಿಲ್ಲಿಸುವುದು, ಅದಕ್ಕೆ ಕೆಲವು ದಿನ ಸಾಕು. ಎರಡನೆಯದು ನಿಲ್ಲಿಸಿದ್ದನ್ನು ಉಳಿಸಿಕೊಳ್ಳುವುದು, ಅದಕ್ಕೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷಗಳೇ ಬೇಕು. ಮೊದಲನೆಯದರಲ್ಲಿ ಆನ್‌ಲೈನ್ ಡಾಕ್ಟರಿಂದ ಆಗುವುದು ಕಡಿಮೆ. ಎರಡನೆಯದರಲ್ಲಿ, ಅದರಲ್ಲೂ ಉತ್ತರ ಕನ್ನಡದಂಥ ಜಿಲ್ಲೆಯಲ್ಲಿ, ಅದಕ್ಕಿಂತ ಹೊಂದುವ ದಾರಿ ನನಗೆ ಕಾಣುತ್ತಿಲ್ಲ.

ಮೊದಲನೆಯದು ಫೋನಿನಲ್ಲಿ ಯಾಕೆ ಕಷ್ಟ ಎಂದು ಹೇಳಿಬಿಡುತ್ತೇನೆ. ವರ್ಷಗಟ್ಟಲೆ ದಿನಾ ಕುಡಿದವರ ಮಿದುಳು ಮದ್ಯದ ಒತ್ತಡಕ್ಕೆ ಎದುರಾಗಿ ತನ್ನನ್ನು ಬಿಗಿ ಮಾಡಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ಬಿಗಿ ಅಷ್ಟೂ ಹೊರಗೆ ಬರುತ್ತದೆ. ಕೊನೆಯ ಗುಟುಕಾಗಿ ಆರೆಂಟು ತಾಸಿಗೆ ನಡುಕ, ಬೆವರು, ವಾಕರಿಕೆ ಶುರು. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಮೊದಲ 48 ತಾಸಿನೊಳಗೆ. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಪ್ರಜ್ಞೆಯೇ ಕಲಸಿಹೋಗುತ್ತದೆ. ಗೋಡೆಯ ಮೇಲೆ ಹುಳ ಹರಿಯುತ್ತದೆ ಎನ್ನುತ್ತಾರೆ, ಇಲ್ಲದವರ ಜೊತೆ ಮಾತಾಡುತ್ತಾರೆ, ಜ್ವರ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಡಾಕ್ಟರುಗಳು ಇದಕ್ಕೆ ಡೆಲಿರಿಯಮ್ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ನಮ್ಮ ಕಡೆ ಇದನ್ನು ಗಾಳಿ ಸೋಕಿತು ಎಂದು ಅಂತ್ರ ಕಟ್ಟಿಸಿದವರನ್ನು ನಾನೇ ನೋಡಿದ್ದೇನೆ. ಬೈಯಲು ಮನಸ್ಸು ಬರಲಿಲ್ಲ. ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ, ಅಷ್ಟೇ.

ಒಮ್ಮೆ ಫಿಟ್ಸ್ ಬಂದವರಿಗೆ ಮುಂದಿನ ಸಲ ಬಿಡುವಾಗ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಅದಕ್ಕೇ ಆ ಡಾಕ್ಟರು ಅಕ್ಕನ ಒಂದು ಮಾತಿಗೆ ಪೂರ್ತಿ ಯೋಜನೆ ಬದಲಿಸಿದರು. ಫೋನಿನಲ್ಲಿ ನಾಡಿ ಸಿಗುವುದಿಲ್ಲ, ಬಿಪಿ ಸಿಗುವುದಿಲ್ಲ, ಬಾಯಿಯ ವಾಸನೆ ಸಿಗುವುದಿಲ್ಲ. ಕುಡಿತದ ವಿಷಯದಲ್ಲಿ ಎಲ್ಲರೂ ಸ್ವಲ್ಪ ಮುಚ್ಚಿಟ್ಟೇ ಮಾತಾಡುತ್ತಾರೆ. ಎದುರಿಗೆ ಕೂತಾಗ ಡಾಕ್ಟರಿಗೆ ಅದು ತಿಳಿಯುತ್ತದೆ. ಪರದೆಯಲ್ಲಿ ತಿಳಿಯಬೇಕಾದರೆ ಹಿಂದಿನ ಸೀಟಿನಲ್ಲಿ ಒಬ್ಬ ಅಕ್ಕ ಬೇಕು.

ಇನ್ನೊಂದು ಅಡ್ಡಿ ಕಾನೂನಿನದು. ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಕೋವಿಡ್ ಶುರುವಾದಾಗ, 2020ರ ಮಾರ್ಚ್ 25ರಂದು, ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಫೋನು, ವಿಡಿಯೋ, ಮೆಸೇಜಿನ ಮೂಲಕ ನೋಂದಾಯಿತ ವೈದ್ಯರು ರೋಗಿಯನ್ನು ನೋಡಬಹುದು ಎಂದು ದೇಶದಲ್ಲಿ ಸ್ಪಷ್ಟವಾದದ್ದು ಆಗ. ಅದರಲ್ಲಿ ಔಷಧಿಗಳನ್ನು ಗುಂಪು ಮಾಡಿದ್ದಾರೆ. ಕೆಲವನ್ನು ಯಾವ ರೀತಿಯ ಕರೆಯಲ್ಲಾದರೂ ಬರೆಯಬಹುದು. ಕೆಲವನ್ನು ಮೊದಲ ಸಲ ಬರೆಯಬೇಕಾದರೆ ವಿಡಿಯೋದಲ್ಲಿ ಮುಖ ನೋಡಲೇಬೇಕು. ಮಾದಕ ವಸ್ತುಗಳ ಕಾಯ್ದೆ, ಅಂದರೆ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರುವ ಮಾತ್ರೆಗಳನ್ನು ಟೆಲಿಮೆಡಿಸಿನ್‌ನಲ್ಲಿ ಬರೆಯುವಂತಿಲ್ಲ. ಕುಡಿತ ಬಿಡಿಸುವ ಮೊದಲ ದಿನಗಳಲ್ಲಿ ನಡುಕ, ಫಿಟ್ಸ್ ತಡೆಯಲು ಕೊಡುವ ಡಯಾಜೆಪಾಮ್, ಲೋರಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್ ಇವೆಲ್ಲ ಆ ಪಟ್ಟಿಯಲ್ಲೇ ಇವೆ. ಆ ಮಾತ್ರೆಗಳಿಗೇ ಚಟ ಹತ್ತುವ ಅಪಾಯವಿದೆ, ಅವುಗಳ ಜೊತೆ ಕುಡಿದರೆ ಉಸಿರು ನಿಲ್ಲಬಹುದು. ಹಾಗಾಗಿ ಈ ಗೆರೆ ನನಗೆ ಸರಿ ಎನಿಸುತ್ತದೆ. ಯಾರಾದರೂ ಫೋನಿನಲ್ಲೇ ಎಲ್ಲ ಮುಗಿಸಿಕೊಡುತ್ತೇವೆ, ಮನೆಗೇ ನಿದ್ದೆ ಮಾತ್ರೆ ಕಳಿಸುತ್ತೇವೆ ಎಂದರೆ ಅಲ್ಲಿಗೆ ಕರೆ ನಿಲ್ಲಿಸಿ.

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಅಮೆರಿಕದ ಕಥೆಗಳೇ ಜಾಸ್ತಿ ಸಿಗುತ್ತವೆ. ಅಲ್ಲಿ ಫೋನ್ ಕರೆಯಲ್ಲೇ ಚಟದ ಚಿಕಿತ್ಸೆ ಶುರು ಮಾಡುತ್ತಾರಂತೆ, ನಮಗೇಕೆ ಆಗದು ಎಂದು ಒಬ್ಬ ಗೆಳೆಯ ಕೇಳಿದ್ದ. ಅಲ್ಲಿಯ ದೊಡ್ಡ ಸಂಕಟ ಅಫೀಮಿನ ಜಾತಿಯ ಮಾದಕ ವಸ್ತುಗಳದ್ದು. ಅದಕ್ಕೆ ಬ್ಯುಪ್ರೆನಾರ್ಫಿನ್ ಎಂಬ ಔಷಧಿ ಇದೆ. ಅಮೆರಿಕದ 2008ರ ಕಾನೂನಿನ ಪ್ರಕಾರ ಇಂಥ ಔಷಧಿಗೆ ಮೊದಲು ಡಾಕ್ಟರ ಎದುರಿಗೆ ಹೋಗಲೇಬೇಕಿತ್ತು. 2020ರಲ್ಲಿ ಕೋವಿಡ್ ಬಂದಾಗ ಅದನ್ನು ಸಡಿಲ ಮಾಡಿದರು. ಜನ ಮನೆಯಿಂದಲೇ ಔಷಧಿ ಶುರು ಮಾಡಿದರು, ಬಹಳ ಜನರಿಗೆ ಅನುಕೂಲವೂ ಆಯಿತು. ಆದರೆ ಅಫೀಮಿನ ಚಟ ಬಿಡುವಾಗ ಆಗುವ ಯಾತನೆ ಎಷ್ಟೇ ಭಯಂಕರ ಇದ್ದರೂ ಅದರಿಂದ ಜೀವ ಹೋಗುವುದು ಅಪರೂಪ. ಮದ್ಯ ಬಿಡುವಾಗ ಹೋಗಬಹುದು. ನಮ್ಮ ಜಿಲ್ಲೆಯ ಮುಖ್ಯ ಚಟ ಮದ್ಯ ಮತ್ತು ತಂಬಾಕು. ಹಾಗಾಗಿ ಅಲ್ಲಿಯ ಪಾಠವನ್ನು ಇಲ್ಲಿಗೆ ಹಾಗೆಯೇ ತಂದು ಕೂರಿಸಲು ಆಗುವುದಿಲ್ಲ. ಜೊತೆಗೆ ಬ್ಯುಪ್ರೆನಾರ್ಫಿನ್ ನಮ್ಮಲ್ಲಿ ಎನ್‌ಡಿಪಿಎಸ್ ಪಟ್ಟಿಯಲ್ಲಿದೆ.

ಭಾವ ತಾಲೂಕಿನ ಆಸ್ಪತ್ರೆಯೊಂದರಲ್ಲಿ ಆರು ದಿನ ಇದ್ದರು. ಅಲ್ಲಿ ಅಷ್ಟೇನೂ ವಿಶೇಷ ನಡೆಯಲಿಲ್ಲ, ಅದೇ ಒಳ್ಳೆಯ ಸುದ್ದಿ. ಬಿ1, ಅಂದರೆ ಥಯಾಮಿನ್ ಇಂಜೆಕ್ಷನ್ ಕೊಟ್ಟರು. ಇದೊಂದನ್ನು ನೆನಪಿಡಿ. ಬಹಳ ಕುಡಿಯುವವರ ಮೈಯಲ್ಲಿ ಬಿ1 ಖಾಲಿಯಾಗಿರುತ್ತದೆ. ಅದು ಇಲ್ಲದೆ ಮಿದುಳಿಗೆ ಆಗುವ ಹಾನಿ ಕೆಲವೊಮ್ಮೆ ವಾಪಸ್ ಸರಿಯಾಗುವುದಿಲ್ಲ. ಸುಸ್ತಾಗಿದೆ ಎಂದು ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಸುಮ್ನೆ ಒಂದು ಗ್ಲುಕೋಸ್ ಬಾಟಲಿ ಏರಿಸಿ ತರುವ ಅಭ್ಯಾಸ ನಮ್ಮಲ್ಲಿದೆ. ಕುಡಿಯುವವರಿಗೆ ಥಯಾಮಿನ್ ಇಲ್ಲದೆ ಬರೀ ಗ್ಲುಕೋಸ್ ಹಾಕಿಸುವುದು ಒಳ್ಳೆಯದಲ್ಲ. ದಿನಾ ಕುಡಿಯುತ್ತಾರೆ ಎಂದು ಅಲ್ಲಿಯ ಡಾಕ್ಟರಿಗೆ ನಾಚಿಕೆ ಬಿಟ್ಟು ಹೇಳಿ.

ಏಳನೇ ದಿನ ಮನೆಗೆ ಬಂದರು. ಮನೆಯವರೆಲ್ಲ ಮುಗಿಯಿತು ಎಂದುಕೊಂಡೆವು. ಕಷ್ಟದ ಕೆಲಸ ಶುರುವಾದದ್ದೇ ಆಗ.

ಈಗ ಜಿಲ್ಲೆಯ ನಕ್ಷೆ ಸ್ವಲ್ಪ ನೋಡಿ. ಹನ್ನೆರಡು ತಾಲೂಕು. ಶಿರಸಿಯಿಂದ ಜಿಲ್ಲಾ ಕೇಂದ್ರ ಕಾರವಾರಕ್ಕೆ ನೂರಿಪ್ಪತ್ತು ಕಿಲೋಮೀಟರ್ ಹತ್ತಿರ, ನಡುವೆ ಘಟ್ಟ. ಹೊನ್ನಾವರ, ಭಟ್ಕಳದವರು ಕಾಯಿಲೆ ಅಂದರೆ ಮಣಿಪಾಲ, ಮಂಗಳೂರು ನೋಡುತ್ತಾರೆ. ಕಾರವಾರದವರು ಗೋವಾದ ಬಾಂಬೋಳಿಗೆ ಹೋಗುತ್ತಾರೆ. ಶಿರಸಿ, ಯಲ್ಲಾಪುರ, ಹಳಿಯಾಳದವರು ಹುಬ್ಬಳ್ಳಿ, ಮನಸ್ಸಿನ ಕಾಯಿಲೆಯಾದರೆ ಧಾರವಾಡದ ಡಿಮ್ಹಾನ್ಸ್. ಕಾರವಾರದಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಕ್ಲಿನಿಕ್ ನಡೆಸುವ ವ್ಯವಸ್ಥೆಯೂ ಇದೆ. ಅದು ಉಳಿಯಬೇಕು, ಬೆಳೆಯಬೇಕು. ಆದರೂ ಜೋಯ್ಡಾದ ಒಳಹಳ್ಳಿಯವನು, ಸಿದ್ದಾಪುರದ ಕೂಲಿಯವನು ಹದಿನೈದು ದಿನಕ್ಕೊಮ್ಮೆ ಒಂದು ದಿನದ ದುಡಿಮೆ ಬಿಟ್ಟು, ಬಸ್ ಚಾರ್ಜು ಕೊಟ್ಟು, ಹತ್ತು ನಿಮಿಷ ಮಾತಾಡಲು ಬರಬೇಕು ಎಂದರೆ ಎಷ್ಟು ಸಲ ಬಂದಾನು? ಎರಡು ಸಲ ಬರುತ್ತಾನೆ. ಮೂರನೇ ಸಲ ಮಳೆ ಇರುತ್ತದೆ.

ಮಳೆಯ ಮಾತು ಸುಮ್ಮನೆ ಹೇಳಿದ್ದಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಸುಮಾರು ಮೂರು ವಾರದ ನಂತರ ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೇ ಸೇತುವೆ ಮುರಿದು ಬಿತ್ತು. ಶಿರಸಿ ಕುಮಟಾ ನಡುವಿನ ದೇವಿಮನೆ ಘಟ್ಟದಲ್ಲಿ ಯಾವಾಗ ದಾರಿ ಇರುತ್ತದೆ, ಯಾವಾಗ ಇರುವುದಿಲ್ಲ ಎಂದು ಕೇಳಿಕೊಂಡೇ ಹೊರಡಬೇಕಾದ ಕಾಲ ಎಷ್ಟು ಸಲ ಬಂದಿಲ್ಲ. ಕುಡಿತ ಬಿಟ್ಟವರಿಗೆ ಅಪಾಯ ಜಾಸ್ತಿ ಇರುವುದು ಬಿಟ್ಟ ಮೊದಲ ಕೆಲವು ತಿಂಗಳು. ಆ ತಿಂಗಳುಗಳು ಮಳೆಗಾಲದಲ್ಲಿ ಬಂದರೆ ನಮ್ಮಲ್ಲಿ ಚಿಕಿತ್ಸೆ ತಾನಾಗಿಯೇ ಕಡಿದುಹೋಗುತ್ತದೆ.

2019ರಲ್ಲಿ ಕೇಂದ್ರ ಸರ್ಕಾರ ಒಂದು ರಾಷ್ಟ್ರೀಯ ಸಮೀಕ್ಷೆ ಪ್ರಕಟಿಸಿತು, ದೆಹಲಿಯ ಏಮ್ಸ್‌ನವರು ಮಾಡಿದ್ದು. ಅದರ ಪ್ರಕಾರ ಮದ್ಯದ ಸಮಸ್ಯೆಗೆ ನೆರವು ಬೇಕಾದವರು ದೇಶದಲ್ಲಿ ಸುಮಾರು 5.7 ಕೋಟಿ. ಚಟ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ದಾಖಲಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. 38ರಲ್ಲಿ ಒಬ್ಬರು ಎಂಬ ಲೆಕ್ಕ ಓದಿದ ದಿನ ನಮ್ಮ ಊರಿನ ಮನೆಗಳನ್ನು ಮನಸ್ಸಿನಲ್ಲೇ ಎಣಿಸಿದೆ. ಎಣಿಕೆ ಮುಗಿಸಲು ಮನಸ್ಸಾಗಲಿಲ್ಲ.

ದೂರ ಒಂದೇ ಕಾರಣ ಅಲ್ಲ, ನಾಚಿಕೆ ಇನ್ನೊಂದು. ತಾಲೂಕು ಆಸ್ಪತ್ರೆಯ ಮನೋವೈದ್ಯರ ಬಾಗಿಲ ಮುಂದೆ ಕೂತರೆ ಎದುರಿಗೆ ಊರಿನ ಯಾರೋ ಒಬ್ಬರು ಸಿಕ್ಕೇ ಸಿಗುತ್ತಾರೆ. "ಇಲ್ಲೇನು ಮಾಡ್ತಾ ಇದ್ದಿ?" ಎಂಬ ಒಂದು ಮಾತು ಸಾಕು, ಮುಂದಿನ ಸಲ ಆತ ಬರುವುದಿಲ್ಲ. ಕುಡಿಯುವುದು ಎಲ್ಲರಿಗೂ ಗೊತ್ತಿರುತ್ತದೆ, ಅದಕ್ಕೆ ನಾಚಿಕೆ ಇಲ್ಲ, ಬಿಡಲು ಔಷಧಿ ತೆಗೆದುಕೊಳ್ಳುವುದಕ್ಕೆ ನಾಚಿಕೆ. ಇದು ನನಗೆ ಈಗಲೂ ಸಂಕಟ ತರುವ ವಿಷಯ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ಸೇವನೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನು ಕಾಯಿಲೆ ಎಂದೇ ಲೆಕ್ಕ ಹಾಕುತ್ತದೆ, ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕು ಎಂದೂ ಹೇಳುತ್ತದೆ. ಹೆಂಗಸರಿಗಂತೂ ಈ ಗುಟ್ಟು ಇನ್ನೂ ಮುಖ್ಯ. ಕುಡಿತದ ತೊಂದರೆ ಇರುವ ಹೆಂಗಸರು ನಮ್ಮಲ್ಲೂ ಇದ್ದಾರೆ. ಅವರು ಯಾವ ಶಿಬಿರದಲ್ಲೂ ಕಾಣುವುದಿಲ್ಲ. ಫೋನು ಅವರಿಗೆ ಮೊದಲ ಬಾಗಿಲು ಆಗಬಹುದು.

ಆಸ್ಪತ್ರೆಯಿಂದ ಬಂದ ಮೇಲೆ ಭಾವನಿಗೆ ಕರೆ ಶುರುವಾದದ್ದು ಹೀಗೆ. ಮೊದಲ ತಿಂಗಳು ವಾರಕ್ಕೊಂದು, ಆಮೇಲೆ ಹದಿನೈದು ದಿನಕ್ಕೊಂದು. ಕುಡಿಯುವ ಆಸೆ ತಗ್ಗಿಸುವ ಮಾತ್ರೆ ಬರೆದರು. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬಂಥ ಮಾತ್ರೆಗಳು ಎನ್‌ಡಿಪಿಎಸ್ ಪಟ್ಟಿಯಲ್ಲಿಲ್ಲ, ಹಾಗಾಗಿ ಆನ್‌ಲೈನಿನಲ್ಲಿ ಮುಂದುವರಿಸಲು ಅಡ್ಡಿ ಇಲ್ಲ. ಒಂದಕ್ಕೆ ಲಿವರ್ ಟೆಸ್ಟ್ ನೋಡಬೇಕು, ಇನ್ನೊಂದಕ್ಕೆ ಕಿಡ್ನಿ ಟೆಸ್ಟ್. ಆ ಟೆಸ್ಟುಗಳು ಶಿರಸಿ, ಕುಮಟಾದ ಲ್ಯಾಬುಗಳಲ್ಲೇ ಆಗುತ್ತವೆ, ರಿಪೋರ್ಟಿನ ಫೋಟೋ ಕಳಿಸಿದರೆ ಸಾಕು. ಕರೆ ಹತ್ತು ನಿಮಿಷ ಮೀರುತ್ತಿರಲಿಲ್ಲ. ನಿದ್ದೆ ಹೇಗಿದೆ, ಸಂಜೆ ಆರಕ್ಕೆ ಏನು ಮಾಡುತ್ತೀರಿ, ಈ ವಾರ ಯಾರ ಮನೆಯಲ್ಲಿ ಕಾರ್ಯ ಇದೆ, ಅಲ್ಲಿ ಯಾರ ಪಕ್ಕ ಕೂರುತ್ತೀರಿ. ಕೇಳಿದರೆ ಸುಮ್ಮನೆ ಹರಟೆ ಅನಿಸುತ್ತದೆ. ಚಿಕಿತ್ಸೆ ಇರುವುದೇ ಈ ಪ್ರಶ್ನೆಗಳಲ್ಲಿ.

ಅಡಿಕೆ ಕೊನೆ ಕೊಯ್ಲಿನ ಸಮಯಕ್ಕೆ ಭಾವ ಮತ್ತೆ ಕುಡಿದರು. ಐದು ತಿಂಗಳಾಗಿತ್ತು. ರಾತ್ರಿ ಅಡಿಕೆ ಸುಲಿಯುವ ಕೆಲಸ ಮುಗಿದ ಮೇಲೆ ಯಾರೋ ಕೊಟ್ಟರು, ಕುಡಿದರು. ಮರುದಿನ ಬೆಳಿಗ್ಗೆ ಅಕ್ಕ ಅಳುತ್ತಿದ್ದಳು. ಭಾವ ಇನ್ನು ಎಲ್ಲ ಹೋಯಿತು ಎಂದು ಮಾತ್ರೆ ಡಬ್ಬಿಯನ್ನೇ ಎಸೆಯಲು ಹೊರಟಿದ್ದರು. ಅವತ್ತು ಮಧ್ಯಾಹ್ನವೇ ಕರೆ ಸಿಕ್ಕಿತು. ಡಾಕ್ಟರು ಬೈಯಲಿಲ್ಲ. ಎಷ್ಟು ಕುಡಿದಿರಿ, ಇವತ್ತು ನಡುಕ ಇದೆಯಾ ಎಂದು ಕೇಳಿದರು. ಐದು ತಿಂಗಳಲ್ಲಿ ಒಂದು ರಾತ್ರಿ, ಅದು ಒಂದು ರಾತ್ರಿಯಾಗಿಯೇ ಉಳಿಯಲಿ, ಇವತ್ತು ಸಂಜೆ ಸುಲಿಯುವಲ್ಲಿಗೆ ಹೋಗಬೇಡಿ ಎಂದರು. ಇದೇ ಮಾತನ್ನು ಕೇಳಲು ಮುಂದಿನ ಮಂಗಳವಾರದವರೆಗೆ ಕಾಯಬೇಕಾಗಿದ್ದರೆ ಆ ಒಂದು ರಾತ್ರಿ ಏಳು ರಾತ್ರಿ ಆಗುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಾನು ಆನ್‌ಲೈನ್ ಚಿಕಿತ್ಸೆಯ ಪರವಾಗಿ ಇಷ್ಟು ಗಟ್ಟಿಯಾಗಿ ಮಾತಾಡುವುದು ಆ ಒಂದು ಮಧ್ಯಾಹ್ನದಿಂದ.

ನಮ್ಮಲ್ಲಿ ದುಡ್ಡು, ಶ್ರಮ ಎಲ್ಲ ಖರ್ಚಾಗುವುದು ಮೊದಲ ವಾರಕ್ಕೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಅಲ್ಲಿ ಒಂದು ವಾರ ಇದ್ದು ಬಂದವರ ಮುಖದಲ್ಲಿ ಬರುವ ಕಳೆ ನಾನು ನೋಡಿದ್ದೇನೆ. ನಂತರವೂ ಜೊತೆಗಿರಲಿ ಎಂದು ನವಜೀವನ ಸಮಿತಿಗಳನ್ನು ಕಟ್ಟಿದ್ದಾರೆ, ಅದು ಬಹಳ ಒಳ್ಳೆಯ ಕೆಲಸ. ಆ ಸಮಿತಿಗಳಿಗೆ ಒಬ್ಬ ಮನೋವೈದ್ಯರ ಫೋನ್ ಕರೆಯನ್ನು ಜೋಡಿಸಿದರೆ, ತಿಂಗಳಿಗೆ ಎರಡೇ ಸಲ ಸಾಕು, ಮಾತ್ರೆಯ ಬಲವೂ ಸೇರುತ್ತದೆ.

ಮಾತಿಗೆ ಬಲ ಇದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಮಾಜಾಳಿ ಗೇಟು ದಾಟಿದರೆ ಗೋವಾ. ನಮ್ಮವರು ಅಗ್ಗದ ಬಾಟಲಿಗೆ ಆ ಕಡೆ ನೋಡುತ್ತಾರೆ. ಅದೇ ಗೋವಾದಲ್ಲಿ ಸಂಗಾತ್ ಎಂಬ ಸಂಸ್ಥೆ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಅಧ್ಯಯನ ನಡೆಸಿತು, 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕುಡಿತದಿಂದ ಹಾನಿ ಅನುಭವಿಸುತ್ತಿದ್ದ, ಆದರೆ ಚಟ ಇನ್ನೂ ತೀರಾ ಬಲಿತಿರದ ಗಂಡಸರ ಜೊತೆ ಸಾಮಾನ್ಯ ಜನರೇ ತರಬೇತಿ ಪಡೆದು ಮಾತಾಡಿದರು, ಹೆಚ್ಚೆಂದರೆ ನಾಲ್ಕು ಸಲ. ಮೂರು ತಿಂಗಳ ನಂತರ ನೋಡಿದಾಗ ಮಾತುಕತೆ ಸಿಕ್ಕವರಲ್ಲಿ ಶೇ. 36ರಷ್ಟು ಜನ ಹಾನಿಯ ಮಟ್ಟದಿಂದ ಕೆಳಗೆ ಬಂದಿದ್ದರು, ಸಿಗದವರಲ್ಲಿ ಶೇ. 26. ಇದು ಎದುರಾಬದುರು ಕೂತು ಮಾಡಿದ್ದು, ನಿಜ. ಆದರೂ ಡಾಕ್ಟರೇ ಬೇಕೆಂದಿಲ್ಲ, ತರಬೇತಿ ಇರುವ ಒಬ್ಬರು ನಾಲ್ಕು ಸಲ ಸರಿಯಾಗಿ ಮಾತಾಡಿದರೂ ವ್ಯತ್ಯಾಸ ಆಗುತ್ತದೆ ಎಂದು ಇದರಿಂದ ಗೊತ್ತಾಯಿತು. ನಮ್ಮ ಉಪಕೇಂದ್ರಗಳಲ್ಲಿ ಈಗ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ. ಇ-ಸಂಜೀವಿನಿ ಎಂಬ ಸರ್ಕಾರದ ಆನ್‌ಲೈನ್ ಸೇವೆಯ ಮೂಲಕ ಅವರು ದೊಡ್ಡ ಆಸ್ಪತ್ರೆಯ ಡಾಕ್ಟರನ್ನು ಪರದೆಗೆ ಕರೆದು, ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಬಹುದು, ಅದಕ್ಕೆ ಹಣ ಕೊಡಬೇಕಿಲ್ಲ. ಬಿಪಿ ಇವರು ನೋಡುತ್ತಾರೆ, ಔಷಧಿ ಅವರು ಹೇಳುತ್ತಾರೆ. ನನ್ನ ಪ್ರಕಾರ ಕುಡಿತದ ಚಿಕಿತ್ಸೆಗೆ ಇದಕ್ಕಿಂತ ಸರಿಯಾದ ಏರ್ಪಾಡು ಇಲ್ಲ. ಜ್ವರ, ಕೆಮ್ಮು, ಶುಗರಿಗೆ ಬಳಸುವ ಅದೇ ಪರದೆಯನ್ನು ಕುಡಿತಕ್ಕೂ ಬಳಸಬಹುದು ಎಂದು ಊರಿನವರಿಗೆ ಹೇಳಬೇಕು.

ಕರಾವಳಿಯ ಕಥೆ ಸ್ವಲ್ಪ ಬೇರೆ. ಬೈತಖೋಲ, ಬೇಲೆಕೇರಿ, ತದಡಿ, ಭಟ್ಕಳದ ಬಂದರುಗಳಿಂದ ಆಳ ಸಮುದ್ರಕ್ಕೆ ಹೋದ ಬೋಟು ವಾರ, ಹತ್ತು ದಿನ ವಾಪಸ್ ಬರುವುದಿಲ್ಲ. ದಂಡೆಯಲ್ಲಿ ದಿನಾ ಕುಡಿಯುವವನು ಬೋಟು ಹತ್ತಿದರೆ ಎರಡನೇ ದಿನ ಫಿಟ್ಸ್ ಬರುವುದು ನೀರಿನ ಮೇಲೆ, ಅಲ್ಲಿ ಡಾಕ್ಟರೂ ಇಲ್ಲ, ಫೋನೂ ಇಲ್ಲ. ಇವರಿಗೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಎರಡು ತಿಂಗಳೇ ಚಿಕಿತ್ಸೆ ಶುರು ಮಾಡುವ ಕಾಲ. ಬೋಟು ದಡದಲ್ಲಿರುತ್ತದೆ, ಕೈ ಖಾಲಿ ಇರುತ್ತದೆ, ಮನೆಯವರು ಜೊತೆಗಿರುತ್ತಾರೆ. ಆಗ ಆಸ್ಪತ್ರೆಯಲ್ಲಿ ನಿಲ್ಲಿಸಿ, ಆಗಸ್ಟಿನಿಂದ ಬೋಟು ಬಂದರಿಗೆ ಬಂದ ದಿನಕ್ಕೆ ಕರೆ ಇಟ್ಟುಕೊಂಡರೆ ನಡೆಯುತ್ತದೆ. ಕಾರವಾರದ ಕಡೆ ಕರೆ ಕೊಂಕಣಿಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಮನಸ್ಸಿನ ಮಾತು ಮನೆಭಾಷೆಯಲ್ಲೇ ಬರುವುದು, ಅಲ್ವಾ.

ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡರು, ಹಾಡಿಗೆ ಪದ್ಮಶ್ರೀ ಪಡೆದವರು, ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದ್ದರು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. ಆದರೆ ಮಾರಾಟ ನಿಲ್ಲಿಸುವುದು ಬೇರೆ, ಕುಡಿಯುವವನ ಮೈಯಿಂದ ಅದನ್ನು ಇಳಿಸುವುದು ಬೇರೆ. 2020ರ ಲಾಕ್‌ಡೌನಿನಲ್ಲಿ ಅಂಗಡಿಗಳು ಮಾರ್ಚ್ ಕೊನೆಯಿಂದ ಮೇ 4ರವರೆಗೆ ಮುಚ್ಚಿದ್ದವು. ಒಮ್ಮೆಲೇ ಮದ್ಯ ನಿಂತರೆ ಏನಾಗುತ್ತದೆ ಎಂಬುದನ್ನು ಆಗ ರಾಜ್ಯವೇ ನೋಡಿತು.

ಈಗ ಒಂದು ಎಚ್ಚರಿಕೆ, ಇದನ್ನು ಅಕ್ಕನ ಕಾರಣಕ್ಕೆ ಬರೆಯುತ್ತಿದ್ದೇನೆ. ಗುಡ್ಡ ಹತ್ತುವ ಎರಡು ವರ್ಷ ಮೊದಲು ಅವಳು ಮೊಬೈಲಿನಲ್ಲಿ ಜಾಹೀರಾತು ನೋಡಿ ಒಂದು ಪುಡಿ ತರಿಸಿದ್ದಳು. ಕುಡಿಯುವವರಿಗೆ ಗೊತ್ತಾಗದ ಹಾಗೆ ಸಾಂಬಾರಿಗೆ ಹಾಕಿ ಎಂದಿತ್ತು. ಹೆಸರಿಲ್ಲದ ಬಿಳಿ ಪೊಟ್ಟಣ, ಕೊರಿಯರ್ ಬಂದಾಗ ಹಣ. ಅವಳು ಹಾಕಿದಳು. ಅದರಲ್ಲಿ ಏನಿತ್ತೋ ದೇವರಿಗೇ ಗೊತ್ತು. ಡೈಸಲ್ಫಿರಾಮ್ ಎಂಬ ನಿಜವಾದ ಮಾತ್ರೆ ಇದೆ. ಅದನ್ನು ತಿಂದವರು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಆ ಪರಿಣಾಮ ಉಳಿಯಬಹುದು. ಹಾಗಾಗಿ ಅದನ್ನು ತಿನ್ನುವವರಿಗೆ ಎಲ್ಲ ಹೇಳಿ, ಒಪ್ಪಿಸಿ, ಡಾಕ್ಟರ ಕಣ್ಣಳತೆಯಲ್ಲಿ ಕೊಡುವುದು. ಊಟದಲ್ಲಿ ಬೆರೆಸಿ ಕೊಡುವುದು ಯಾವ ಕಾರಣಕ್ಕೂ ಬೇಡ. ಅಕ್ಕನಂಥವರು ಆ ಪುಡಿಗೆ ಕೈ ಹಾಕುವುದು ಬೇರೆ ದಾರಿ ಕಾಣದೆ. ಕುಡಿಯುವವರು ಒಪ್ಪದೆ, ಕರೆಗೆ ಬರದೆ ಅವರ ಹೆಸರಿನಲ್ಲಿ ಆನ್‌ಲೈನ್ ಡಾಕ್ಟರು ಔಷಧಿ ಬರೆಯುವುದಿಲ್ಲ. ಆದರೆ ಮನೆಯವರು ತಮಗಾಗಿ ಕರೆ ಮಾಡಬಹುದು. ಹೇಗೆ ಮಾತಾಡಿದರೆ ಆತ ಒಪ್ಪಬಹುದು, ಕುಡಿದು ಬಂದಾಗ ಏನು ಮಾಡಬೇಕು, ಮಕ್ಕಳನ್ನು ಹೇಗೆ ಕಾಪಾಡಿಕೊಳ್ಳಬೇಕು, ಇದನ್ನೆಲ್ಲ ಕೇಳಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರು 2022ರ ಅಕ್ಟೋಬರಿನಿಂದ ಇದೆ, ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಮೊದಲು ಸಮಾಲೋಚಕರು, ಬೇಕಾದರೆ ಆಮೇಲೆ ತಜ್ಞರು. ಚಟಕ್ಕೇ ಎಂದು 14446 ಸಹಾಯವಾಣಿ ಇದೆ.

ಕವಳದ, ಅಂದರೆ ತಂಬಾಕು ಹಾಕಿದ ಎಲೆ ಅಡಿಕೆಯ ವಿಷಯಕ್ಕೆ ಪೂರ್ತಿ ಫೋನೇ ಸಾಕಾಗಬಹುದು. ಹೊಗೆಸೊಪ್ಪು, ಗುಟ್ಕಾ, ಬೀಡಿ ಬಿಟ್ಟರೆ ಸಿಟ್ಟು, ಚಡಪಡಿಕೆ, ನಿದ್ದೆಗೇಡು ಬರುತ್ತದೆ, ಫಿಟ್ಸ್ ಬರುವುದಿಲ್ಲ. ತಂಬಾಕಿನ ಪ್ಯಾಕೆಟ್ ಮೇಲೆಯೇ ಬಿಡಲು ನೆರವಾಗುವ ಸಹಾಯವಾಣಿಯ ನಂಬರು 1800-11-2356 ಎಂದು ಅಚ್ಚಾಗಿರುತ್ತದೆ, ಎಷ್ಟು ಜನ ನೋಡಿದ್ದಾರೋ. ಬಿಡುವ ದಿನ ಗೊತ್ತು ಮಾಡಿಸಿ, ಆಮೇಲೆ ಅವರೇ ವಾಪಸ್ ಕರೆ ಮಾಡಿ ವಿಚಾರಿಸುತ್ತಾರೆ. ಗಾಂಜಾಕ್ಕೆ ಬಿಡಿಸುವ ಮಾತ್ರೆ ಎಂದು ಪ್ರತ್ಯೇಕ ಇಲ್ಲ, ಮಾತುಕತೆಯೇ ಮುಖ್ಯ ಚಿಕಿತ್ಸೆ. ಅದೂ ಫೋನಿಗೆ ಒಗ್ಗುತ್ತದೆ.

ತೊಂದರೆಗಳೂ ಆದವು. ಡಾಕ್ಟರು ಕಳಿಸಿದ ಪಿಡಿಎಫ್ ಚೀಟಿ ತೋರಿಸಿದರೆ ಒಂದು ಮೆಡಿಕಲ್ ಶಾಪಿನವರು ಒಪ್ಪಲೇ ಇಲ್ಲ, ಕಾಗದದ ಚೀಟಿಯೇ ಬೇಕೆಂದರು. ವೈದ್ಯರ ಹೆಸರು, ನೋಂದಣಿ ಸಂಖ್ಯೆ, ಸಹಿ, ತಾರೀಖು ಇರುವ ಚೀಟಿಯ ಫೋಟೋ ಅಥವಾ ಸ್ಕ್ಯಾನನ್ನು ಮಾರ್ಗಸೂಚಿಯೇ ಒಪ್ಪುತ್ತದೆ. ಪ್ರಿಂಟ್ ತೆಗೆಸಿ ಇನ್ನೊಂದು ಅಂಗಡಿಗೆ ಹೋದ ಮೇಲೆ ಸಿಕ್ಕಿತು. ನೋಂದಣಿ ಸಂಖ್ಯೆ ಇಲ್ಲದ ಚೀಟಿ ಬಂದರೆ ಮಾತ್ರ ನೀವೇ ಅನುಮಾನಪಡಿ.

ಕರೆ ಮಾಡುವ ಮೊದಲು ನಾಲ್ಕು ವಿಷಯ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಕೊನೆಯ ಸಲ ಕುಡಿದದ್ದು ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಭ್ರಮೆ ಬಂದಿತ್ತಾ, ಬೇರೆ ಯಾವ ಮಾತ್ರೆ ನಡೆಯುತ್ತಿದೆ, ಮನೆಯಲ್ಲಿ ಜೊತೆಗಿರುವವರು ಯಾರು. ಬದುಕೇ ಬೇಡ ಎಂಬ ಮಾತು ಯಾವತ್ತಾದರೂ ಬಾಯಿಗೆ ಬಂದಿದ್ದರೆ ಅದನ್ನು ಮೊದಲು ಹೇಳಿ. ಫಿಟ್ಸ್, ಜ್ವರದ ಜೊತೆ ಅಸಂಬದ್ಧ ಮಾತು, ರಕ್ತ ವಾಂತಿ ಇದ್ದರೆ ಅಪಾಯಿಂಟ್‌ಮೆಂಟ್ ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ನೆಟ್‌ವರ್ಕ್ ಇಲ್ಲದವರು ಗುಡ್ಡ ಹತ್ತುವುದು ಮೊದಲ ಸಲ ಅನಿವಾರ್ಯ, ಯಾಕೆಂದರೆ ಕುಡಿಯುವ ಆಸೆ ತಗ್ಗಿಸುವ ಮಾತ್ರೆಗಳನ್ನು ಹೊಸದಾಗಿ ಬರೆಯಲು ಡಾಕ್ಟರು ವಿಡಿಯೋದಲ್ಲಿ ನೋಡಬೇಕು. ಅದೇ ಚಿಕಿತ್ಸೆ ಮುಂದುವರಿಸುವ ಕರೆಗೆ ಬರೀ ಧ್ವನಿ ಸಾಕು. ಇದು ಗೊತ್ತಾದ ಮೇಲೆ ಅಕ್ಕನ ಮನೆಯಲ್ಲಿ ಯಾರೂ ಕಾರು ತೆಗೆಯಲಿಲ್ಲ. ಜಗಲಿಯ ಗೋಡೆಗೆ ಹಳೇ ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ಇದೆ. ಎರಡನೇ ಮತ್ತು ನಾಲ್ಕನೇ ಶನಿವಾರ ಹನ್ನೊಂದು ಗಂಟೆಗೆ ಅದು ರಿಂಗಾಗುತ್ತದೆ, ಭಾವ ಸ್ಟೂಲು ಎಳೆದುಕೊಂಡು ಕೂರುತ್ತಾರೆ, ಅಕ್ಕ ಒಳಗೆ ಹೋಗುತ್ತಾಳೆ. ಚೀಟಿ ಪೇಟೆಯಲ್ಲಿರುವ ನನ್ನ ವಾಟ್ಸಾಪಿಗೆ ಬರುತ್ತದೆ. ಸಂಜೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಮಾತ್ರೆ ಕೊಟ್ಟು ಕಳಿಸುತ್ತೇನೆ.